ನಲವತ್ತೆರಡನೇ ಖೋಲಿಯ ಹೆಸರು

ಫಲಕದ ಬಣ್ಣ ಇನ್ನೂ ಆರಿರಲಿಲ್ಲ. ನನ್ನ ನೆತ್ತರು ಕುದಿಯಲು ಅಷ್ಟು ಹೊತ್ತೂ ಬೇಕಾಗಲಿಲ್ಲ.

"ಖೋಲಿ ನಂ. 42. ಕೈಲಾಸವಾಸಿ ರಘುನಾಥ ತಾವಡೆ ಅವರ ಖಾನಾವಳಿ."

ನನ್ನ ಅಪ್ಪನ ಖಾನಾವಳಿಯಂತೆ! ಆ ಮನುಷ್ಯ ಬದುಕಿದ್ದಷ್ಟು ದಿನ ಒಲೆಗೆ ಒಂದು ಕಡ್ಡಿ ಗೀರಿದವನಲ್ಲ. ಬಟ್ಟೆ ಗಿರಣಿಯಿಂದ ಬಂದವನೇ ಕಾಲು ಚಾಚಿ ತಟ್ಟೆಗಾಗಿ ಕಾಯುತ್ತಿದ್ದ. ಉಪ್ಪು ಜಾಸ್ತಿಯಾಯಿತೆಂದು ಗೊಣಗುತ್ತಿದ್ದ. ಉಂಡೆದ್ದು ಗ್ಯಾಲರಿಯ ತುದಿಗೆ ಕೇರಂ ಆಡಲು ಹೋಗುತ್ತಿದ್ದ. ಮೂವತ್ತೆಂಟು ಗಂಡಸರಿಗೆ ದಿನಕ್ಕೆರಡು ಹೊತ್ತು ಬೇಯಿಸಿ ಬಡಿಸಿದವಳು ನನ್ನನ್ನು ಹೆತ್ತ ಆಯಿ. ಇಪ್ಪತ್ತೇಳು ವರ್ಷ! ಅವಳ ಹೆಸರು ಆ ಫಲಕದಲ್ಲಿ ಎಲ್ಲೂ ಇರಲಿಲ್ಲ.

ದಸರೆ ಮುಗಿದ ಮೇಲೆ ಮುಂಬಯಿಯ ನಮ್ಮ ಈ ಚಾಳನ್ನು ಕೆಡವುತ್ತಾರೆ. ಅದು ಗೊತ್ತಾದಾಗಿನಿಂದ ನಮ್ಮ ಉತ್ಸವ ಮಂಡಳಿಯವರಿಗೆ ನೆನಪುಗಳ ಹುಚ್ಚು ಹಿಡಿದಿತ್ತು. ಕೇತಕಿ ಎಂಬ ಕಾಲೇಜು ಮೇಡಂ ಮೂರು ತಿಂಗಳು ಖೋಲಿ ಖೋಲಿ ತಿರುಗಿ ಹಳಬರ ಮಾತು ರೆಕಾರ್ಡ್ ಮಾಡಿಕೊಂಡಿದ್ದಳು. ಅವಳನ್ನು ಕರೆದುಕೊಂಡು ಓಡಾಡಿದವಳು ನಾನೇ. ಅಂದು ಸಂಜೆ ಅಂಗಳದಲ್ಲಿ ಆ ಮಾತುಗಳನ್ನು ಎಲ್ಲರಿಗೂ ಕೇಳಿಸುವ ಕಾರ್ಯಕ್ರಮವಿತ್ತು. ಎಪ್ಪತ್ತೆರಡು ಖೋಲಿಗಳಲ್ಲಿ ಯಾರಿದ್ದರು, ಏನು ಮಾಡಿದರು ಎಂದು ಬರೆದ ಈ ಫಲಕವನ್ನೂ ಅಲ್ಲೇ ನಿಲ್ಲಿಸುವುದಿತ್ತು. ಹೊಸ ಕಟ್ಟಡ ಎದ್ದ ಮೇಲೆ ಕೆಳಗಿನ ಹಜಾರದಲ್ಲಿ ಅದು ಶಾಶ್ವತವಾಗಿ ಇರುತ್ತದಂತೆ. ಅಪ್ಪನ ಖಾನಾವಳಿ, ಶಾಶ್ವತವಾಗಿ!

ಮಂಡಳಿಯ ಅಧ್ಯಕ್ಷ ಅನಂತ ಪರಬ ಕುರ್ಚಿ ಹಾಕಿಸುತ್ತ ನಿಂತಿದ್ದ. ನೇರ ಅವನ ಮುಂದೆ ಹೋಗಿ ನಿಂತೆ.

"ದಾದಾ, ಏನ್ ಬರಸೀರಿ ಅದು?"

"ಯಾಕ, ಛಂದ ಬಂದಿಲ್ಲೇನು?"

"ಛಂದ ಅಂತ! ನಮ್ಮಪ್ಪ ಯಾವತ್ತು ಖಾನಾವಳಿ ನಡಸಿದ್ದ? ಹನ್ನೊಂದು ವರ್ಷ ನಮ್ಮ ಮನ್ಯಾಗ ಉಂಡೀರಿ. ಆ ಹೊಟ್ಟಿಗೂ ನೆನಪಿಲ್ಲೇನು?"

"ಹೊಟ್ಟಿಗೆಲ್ಲಾ ನೆನಪೈತಿ ತಂಗಿ. ಮಾವಶಿ ಮಾಡೋ ಒಣ ಬೊಂಬಿಲ್ ಮೀನಿನ ಸಾರು ಅಂದ್ರ..."

"ಸಾರು ಹಾಳಾಗ್ಲಿ. ಮಾವಶಿ ಅಂದ್ರ ಬರೇ ಚಿಗವ್ವ. ಆಕಿ ಹೆಸರೇನು, ಹೇಳ್ರಿ."

ಪರಬ ತಲೆ ಕೆರೆದುಕೊಂಡು ಮೂರನೇ ಮಹಡಿಯ ಕಡೆ ನೋಡಿದ, ಅಲ್ಲಿಂದ ಯಾರೋ ಕೂಗಿ ಹೇಳುತ್ತಾರೇನೋ ಎಂಬಂತೆ.

"ಹದಿನಾರು ಮಂದಿ ಮಾತಾಡ್ಯಾರ, ಮಂದಾ. ಎಲ್ಲಾರೂ ನಲವತ್ತೆರಡರ ಮಾವಶಿ ಅಂತಾನ ಅಂದಾರ. ಹೆಸರು ಒಬ್ಬನೂ ಹೇಳ್ಲಿಲ್ಲ. ರೇಶನ್ ಕಾರ್ಡಿನ್ಯಾಗ ರಘುನಾಥ ಅಂತಿತ್ತು, ಅದನ್ನ ಬರದ್ವಿ."

"ನನ್ನ ಕೇಳ್ಲಿಕ್ಕೆ ನಿಮಗ ಬಾಯಿ ಬಿದ್ದಿತ್ತೇನು?"

"ಗಂಡ ಬರದ ಹೆಸರನ್ನ ತಟ್ಟಿ ಅಲ್ಲಾಡಿಸಿ ಅಳಿಸಿದಾಕಿ ನೀನು. ನಿನ್ನ ಕೂಡ ಮಾತಾಡ್ಲಿಕ್ಕೆ ಯಾರಿಗೆ ಧೈರ್ಯ ಐತವ್ವಾ?" ಎಂದು ಪರಬ ನಗಲು ನೋಡಿದ.

ಆ ಕತೆ ಚಾಳಿಗೆಲ್ಲ ಗೊತ್ತು. ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ, ಗಂಡ ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನಾನು ಇದೇ ಚಾಳಿನ ಹದಿನೇಳನೇ ಖೋಲಿಗೆ ಸೊಸೆಯಾಗಿ ಹೋದಾಗ ನನ್ನ ಗಂಡ ಶುಭಾಂಗಿ ಎಂದು ಬರೆದ. ಹುಟ್ಟಿದಾಗಿನಿಂದ ಮಂದಾ ಎಂದು ಕೂಗಿದ ಗ್ಯಾಲರಿಯಲ್ಲೇ ನಿಂತು ನಾನು ಶುಭಾಂಗಿ ಆಗಬೇಕೇ? ತಟ್ಟೆ ಎತ್ತಿ ಅಲ್ಲಾಡಿಸಿಬಿಟ್ಟೆ. ಎಲ್ಲರೂ ನಕ್ಕರು. ಅಲ್ಲೇ ಇದ್ದ ಆಯಿ ಮಾತ್ರ ನಗಲಿಲ್ಲ. ತಟ್ಟೆ ಕಿತ್ತುಕೊಂಡು ಹೋಗಿ ಆ ಅಕ್ಕಿಯನ್ನು ಆಗಿಂದಾಗಲೇ ಒಲೆಯ ಮೇಲಿಟ್ಟಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಅಂದುಕೊಂಡಿದ್ದೆ.

"ನಗಬ್ಯಾಡ್ರಿ. ಹದಿನಾರು ಮಂದಿ ಏನ್ ಹೇಳ್ಯಾರ, ನಾನೂ ಕೇಳಬೇಕು" ಅಂದೆ.

ಕೇತಕಿ ತನ್ನ ಲ್ಯಾಪ್‌ಟಾಪ್ ತೆರೆದಳು. ಒಬ್ಬೊಬ್ಬರೇ ಮಾತಾಡಿದರು. ಆಯಿಗೆ ಓದು ಬರಹ ಬರುತ್ತಿರಲಿಲ್ಲ. ಯಾವ ತಟ್ಟೆ ಯಾರದೆಂದು ತಿಳಿಯಲು ಅಂಚಿನಲ್ಲಿ ಮೊಳೆಯಿಂದ ಗುರುತು ಹೊಡೆಯುತ್ತಿದ್ದಳು. "ನಂದು ಎರಡು ಗೀಟು" ಎಂದ ಒಬ್ಬ. "ನಂದು ಮೀನಿನ ಬಾಲ" ಎಂದು ಹೇಳುತ್ತ ಇನ್ನೊಬ್ಬ ಅತ್ತೇಬಿಟ್ಟ. ಪರಬನದು ಮೂರು ಚುಕ್ಕಿ. ಅವರವರ ಗುರುತು ಎಲ್ಲರಿಗೂ ನೆನಪಿತ್ತು. ರಾತ್ರಿಪಾಳಿ ಮುಗಿಸಿ ಬಂದವನಿಗೆ ಭಾಕರಿ ಬಿಸಿ ಮಾಡಿ ಕೊಡುತ್ತಿದ್ದದ್ದು, ಜ್ವರ ಬಂದವನಿಗೆ ಗಂಜಿ ಕಾಸಿದ್ದು, ಎಲ್ಲವೂ ನೆನಪಿತ್ತು. ಮಾವಶಿ, ಮಾವಶಿ, ಮಾವಶಿ. ಕೇಳುತ್ತ ಕೇಳುತ್ತ ನನ್ನ ಮೈ ಉರಿದುಹೋಯಿತು.

"ಉಂಡು ಕೈ ತೊಳಕೊಂಡ್ರಿ, ಹೋದ್ರಿ. ಇಷ್ಟು ವರ್ಷದಾಗ ಒಬ್ಬನಾದ್ರೂ ಕೇಳಿದ್ನೇನು?"

ಪರಬನಿಗೂ ಸಿಟ್ಟು ಬಂತು. "ಬರೇ ನಮಗ ಬೈಬ್ಯಾಡ. ಮೇಡಂ, ಈಕೀದೂ ಹಚ್ಚರಿ."

ನನ್ನ ದನಿ ಕೇಳಿಸಿತು. ಒಂದು ತಾಸು ನಲವತ್ತು ನಿಮಿಷ ಮಾತಾಡಿದ್ದೆ. ಆಯಿ ಹಂಗ ಮಾಡ್ತಿದ್ಲು, ಆಯಿ ಹಿಂಗ ಅಂತಿದ್ಲು. ಕೇತಕಿ ಅಲ್ಲಲ್ಲಿ ಮುಂದಕ್ಕೆ ಓಡಿಸಿ ಕೇಳಿಸಿದಳು. ಎಲ್ಲಿ ಕೇಳಿದರೂ ಆಯಿ ಅಷ್ಟೇ.

ಸಿಕ್ಕಿಬಿದ್ದವರ ಸಿಟ್ಟು ಇನ್ನೂ ಜೋರು. "ಸುಮಿತ್ರಾ!" ಎಂದು ಕಿರುಚಿದೆ. "ನಮ್ಮ ಆಯಿ ಹೆಸರು ಸುಮಿತ್ರಾ. ಈಗಿಂದೀಗ ಬರಸ್ರಿ. ಇಲ್ಲಾಂದ್ರ ಆ ಹಲಗೀನ ತಗೊಂಡ್ಹೋಗಿ ಒಲಿಗೆ ಹಾಕ್ತೀನಿ."

ಪೇಂಟರ್ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಕೈಲಾಸವಾಸಿಯನ್ನು ಒರೆಸಿ, ಆ ಜಾಗದಲ್ಲಿ ಸುಮಿತ್ರಾ ಎಂದು ತುರುಕಿದ. ಸುಮಿತ್ರಾ ರಘುನಾಥ ತಾವಡೆ ಅವರ ಖಾನಾವಳಿ. ಗೆದ್ದೆ ಅಂದುಕೊಂಡು ಮನೆಗೆ ಹೋಗಿ ಸೀರೆ ಬದಲಿಸಿದೆ.

ಸಂಜೆ ಅಂಗಳ ತುಂಬಿತ್ತು. ಚಾಳು ಬಿಟ್ಟು ದೂರ ಹೋದವರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಹಳೆಯ ಗಿರಣಿ ಕೆಲಸಗಾರರು ಶಾಲು ಹೊದ್ದು ಕುಳಿತಿದ್ದರು. ಹೆಂಗಸರೆಲ್ಲ ಹಿಂದೆ, ನೀರಿನ ನಲ್ಲಿಯ ಹತ್ತಿರ. ಇಪ್ಪತ್ನಾಲ್ಕನೇ ಖೋಲಿಯ ಗಜರಾ ಆತ್ಯಾಳನ್ನು ಯಾರೋ ತಂದು ಧ್ವನಿವರ್ಧಕದ ಪಕ್ಕದಲ್ಲೇ ಕೂರಿಸಿದ್ದರು. ಎಂಬತ್ತಾರು ವರ್ಷದವಳು, ಚಾಳಿಗೆಲ್ಲ ಅತ್ತೆ, ಆಯಿಯ ತವರೂರಿನವಳು. ಮದುವೆಯಾದ ವರ್ಷ ಇಬ್ಬರೂ ಒಂದೇ ಬೋಟಿನಲ್ಲಿ ಕೊಂಕಣದಿಂದ ಮುಂಬಯಿಗೆ ಬಂದವರು. ಕೇತಕಿ ಅವಳ ಬಾಗಿಲಿಗೆ ಹೋದಾಗ ನಾನೇ ತಡೆದಿದ್ದೆ. "ಆಕೀನ ಬಿಡ್ರಿ, ಕಿವಿ ಕೇಳ್ಸೂದಿಲ್ಲ, ಗಿರಣಿ ಕೆಲಸಾನೂ ಮಾಡಿಲ್ಲ" ಅಂದಿದ್ದೆ.

ನನ್ನ ಸರದಿ ಬಂತು. ಮೈಕು ಹಿಡಿದೆ. ಬರೆದುಕೊಂಡಿದ್ದ ಚೀಟಿ ಸೆರಗಿನಲ್ಲೇ ಉಳಿಯಿತು.

"ಸಂಪು, ಆ ದೊಡ್ಡ ಮುಷ್ಕರ, ನಡದಾಗ ಗಿರಣಿ ಬಂದಾಗಿದ್ವು. ನಮ್ಮನಿ ಒಲಿ ಬಂದಾಗಿರಲಿಲ್ಲ. ಊರಿಂದ ಒಬ್ಬ ಅಕ್ಕಿ ತಂದ, ಒಬ್ಬ ಒಣಮೀನ ತಂದ, ಆಕಿ ನೀರು ಹೆಚ್ಚು ಹಾಕಿ ಎಲ್ಲಾರ್ಗೂ ಮುಟ್ಟಿಸಿದ್ಲು. ತಾನು ಪಾತೇಲಿ ತಳಾ ಕೆರದು ಉಂಡ್ಲು. ಮೂವತ್ತೆಂಟು ತಟ್ಟಿಗೆ ಗುರುತಿತ್ತು, ಆಕಿಗೆ ತಟ್ಟಿನೂ ಇರಲಿಲ್ಲ. ಅಂಥಾಕಿ ಹೆಸರು ನಿಮಗ್ಯಾರಿಗೂ ಗೊತ್ತಿಲ್ಲ! ನಾಚಿಗಿ ಬರಬೇಕು ನಿಮಗ. ಕೇಳ್ರಿ, ಹೇಳ್ತೀನಿ. ಆಕಿ ಹೆಸರು ಸುಮಿತ್ರಾ!"

ಮುಂದಿನ ಸಾಲಿನ ತಲೆಗಳು ಬಾಗಿದವು. ಯಾರೋ ಚಪ್ಪಾಳೆ ಶುರು ಮಾಡಿದರು. ಅಷ್ಟರಲ್ಲಿ ಧ್ವನಿವರ್ಧಕದ ಪಕ್ಕದಿಂದ ಸೀಳು ದನಿಯೊಂದು ಎದ್ದಿತು.

"ಯಾರವ್ವಾ ಸುಮಿತ್ರಾ?"

ಗಜರಾ ಆತ್ಯಾ. ಇಷ್ಟು ಹತ್ತಿರದಲ್ಲಿ ಅಷ್ಟು ಜೋರಾಗಿ ಕಿರುಚಿದರೆ ಕಿವುಡರಿಗೂ ಕೇಳಿಸುತ್ತದೆ. 

"ನಮ್ಮ ಆಯಿ, ಆತ್ಯಾ!" ಎಂದು ಮೈಕಿನಲ್ಲೇ ಕೂಗಿದೆ.

"ಅದು ನಿಮ್ಮಪ್ಪ ಅಕ್ಕಿಯೊಳಗ ಬರದ ಹೆಸರು! ಅವ್ವ ಅಪ್ಪ ಇಟ್ಟ ಹೆಸರು ಹೇಳ ಹುಡುಗಿ."

ನನಗೆ ಗೊತ್ತಿರಲಿಲ್ಲ. ಇಡೀ ಚಾಳಿನ ಮುಂದೆ ಮೈಕು ಹಿಡಿದು ನಿಂತಿದ್ದೆ, ಮೂವತ್ತೆಂಟು ಗಂಡಸರಿಗೆ ಛೀಮಾರಿ ಹಾಕಿದ್ದೆ, ನನಗೇ ಗೊತ್ತಿರಲಿಲ್ಲ. ನನ್ನ ಹೆಸರಿಗೆ ತಟ್ಟೆ ಅಲ್ಲಾಡಿಸಿದವಳು, ಆಯಿಯ ಮದುವೆಯಲ್ಲೂ ಅಂಥದೇ ಅಕ್ಕಿಯ ತಟ್ಟೆ ಇಟ್ಟಿದ್ದರಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮೈಕು ಬಿಟ್ಟು ಇಳಿದು ಹೋಗಿ ಅವಳ ಮುಂದೆ ನೆಲಕ್ಕೆ ಕುಳಿತೆ.

"ಆವಡಿ" ಎಂದಳು ಗಜರಾ ಆತ್ಯಾ. "ನಾಕು ಗಂಡಿನ ಮ್ಯಾಲೆ ಹುಟ್ಟಿದ್ಲು ಅಂತ ಅಪ್ಪ ಆಸೆಪಟ್ಟು ಇಟ್ಟಿದ್ದ, ಆವಡಿ ಅಂದ್ರ ಮುದ್ದಿನಾಕಿ. ಮಧ್ಯಾಹ್ನ ನಲ್ಲಿ ಕಡೆ ಯಾರೂ ಇಲ್ಲದಾಗ ನಾ ಕರೀತಿದ್ದೆ. 'ಇನ್ನೊಮ್ಮೆ ಕರಿ ಗಜರಾ' ಅಂತಿದ್ಲು. ಆಕಿ ಹೋಗಿ ಹದಿನಾರು ವರ್ಷಾತು. ಯಾರನ್ನ ಕರೀಲಿ?"

"ನನಗ್ಯಾಕ ಹೇಳ್ಲಿಲ್ಲ ಆಕಿ?" ಸಿಟ್ಟಿನಲ್ಲೇ ಕೇಳಿದೆ. ಯಾರ ಮೇಲಿನ ಸಿಟ್ಟೋ ಏನೋ.

"ನೀ ಕೇಳಿದ್ದೇನು? ಹಸಿವಾತು ಅಂತ ಕೇಳ್ತಿದ್ದಿ. ಅನ್ನ ಹಾಕ್ತಿದ್ಲು."

ಆಯಿ ನನ್ನ ಮದುವೆಯ ಆ ಅಕ್ಕಿಯನ್ನು ಯಾಕೆ ಅಷ್ಟು ಅವಸರದಲ್ಲಿ ಬೇಯಿಸಿದಳೆಂದು ಆಗ ತಿಳಿಯಿತು. ಯಾರಾದರೂ ಮತ್ತೆ ಹರಡಿ ಮತ್ತೆ ಬರೆಯಬಾರದಲ್ಲ! ನನಗೋಸ್ಕರ ಅಷ್ಟು ಮಾಡಿದವಳನ್ನು ನಾನು ಒಂದು ಮಾತು ಕೇಳಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಎದ್ದು ಫಲಕದ ಹತ್ತಿರ ಹೋದೆ. ಪೇಂಟರ್ ಡಬ್ಬಿ ಮುಚ್ಚುತ್ತಿದ್ದ.

"ಇನ್ನೊಂದು ಹೆಸರು ಬರೀಬೇಕು."

"ಜಾಗ ಎಲ್ಲೈತಿ ಅಕ್ಕಾ? ಒಂದಕ್ಷರ ಹಿಡಿಯೂದಿಲ್ಲ."

"ಎರಡೂ ಹೆಸರು ಅಳಿಸು. ನಮ್ಮಪ್ಪಂದು, ನಮ್ಮಪ್ಪ ಬರದದ್ದು."

ಅವನು ಹೆದರಿ ಪರಬನ ಮುಖ ನೋಡಿದ. ಪರಬ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ತಾನೇ ಒರೆಸಿದ. ಸುಮಿತ್ರಾ ಹೋಯಿತು. ರಘುನಾಥ ಹೋದ.

ಪೇಂಟರ್ ಕುಂಚ ಅದ್ದಿದ. "ಏನಂತ ಬರೀಲಿ? ಇನ್ನೊಮ್ಮೆ ಹೇಳ್ರಿ."

ಅರವತ್ತೊಂದು ವರ್ಷದ ನಾನು, ನನ್ನ ಆಯಿಯನ್ನು ಮೊದಲ ಸಲ ಹೆಸರು ಹಿಡಿದು ಕರೆದೆ.

"ಆವಡಿ."