ಅಣ್ಣನ ಉಂಗುರ ಬೆರಳು

ನಮ್ಮಣ್ಣ ಆರು ವರ್ಷ ದೇಶದ ತಂಡದ ಜೊತೆ ತಿರುಗಿದ. ಒಂದು ಪಂದ್ಯವನ್ನೂ ಆಡಲಿಲ್ಲ. ಅವನು ಎರಡನೆಯ ವಿಕೆಟ್ ಕೀಪರ್. ಮೊದಲನೆಯ ಕೀಪರ್ ಕಲ್ಲುಗುಂಡಿನಂಥ ಮನುಷ್ಯ. ಅವರಿಗೆ ನೆಗಡಿಯೂ ಬರುತ್ತಿರಲಿಲ್ಲ. ಹಾಗಾಗಿ ಅಣ್ಣನ ಕೆಲಸವೆಂದರೆ ನೀರಿನ ಬಾಟಲಿ, ಒಣಗಿದ ಗ್ಲೌಸು ಹಿಡಿದು ಮೈದಾನದೊಳಕ್ಕೆ ಓಡುವುದು, ಮತ್ತೆ ಓಡಿಕೊಂಡು ವಾಪಸು ಬರುವುದು. ಟೀವಿಯಲ್ಲಿ ಅವನು ಕಾಣುತ್ತಿದ್ದದ್ದು ಹೆಚ್ಚೆಂದರೆ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿಗಾಗಿ ಅಮ್ಮ ಒಲೆ ಆರಿಸಿ ಬಂದು ಕೂರುತ್ತಿದ್ದಳು.

ಅಪ್ಪ ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದೇ ಕೋಣೆ ಅವನ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಆಳೆತ್ತರದ ಕನ್ನಡಿ. ಅಳತೆ ಕೊಡಲು ಬಂದವರೆಲ್ಲ ತೋಳು ಚಾಚಿ ನಿಂತುಕೊಂಡೇ, ಮಗ ಆಡುವುದು ಯಾವಾಗ ಎಂದು ಕೇಳುತ್ತಿದ್ದರು. ಅಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು.

"ಅಳತೆ ಆಗಿದೆ, ಹೊಲಿಗೆ ಬಾಕಿ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದ. ಬಂದವರು ಮೆಟ್ಟಿಲಿಳಿದ ಮೇಲೆ ಆ ನಗು ಇರುತ್ತಿರಲಿಲ್ಲ.

ಏಳನೆಯ ವರ್ಷ, ತಂಡ ಹೊರದೇಶದಲ್ಲಿದ್ದಾಗ, ಆ ಕಲ್ಲುಗುಂಡು ಸೂಟ್‌ಕೇಸ್ ಎತ್ತಲು ಬಗ್ಗಿ ಬೆನ್ನು ಹಿಡಿಸಿಕೊಂಡಿತು. ಪಂದ್ಯದ ಹಿಂದಿನ ಸಂಜೆ ಅಣ್ಣನ ಫೋನ್ ಬಂತು. ನಾಳೆ ತಾನೇ ಆಡುವುದು ಎಂದಷ್ಟೇ ಹೇಳಿದ. ಅಪ್ಪನೂ ಹೆಚ್ಚು ಮಾತಾಡಲಿಲ್ಲ; ಹೊಟ್ಟೆ ತುಂಬ ಉಂಡು ಮಲಗು ಎಂದು ಹೇಳಿ ನನ್ನ ಕೈಗೆ ಫೋನ್ ಕೊಟ್ಟು, ಕನ್ನಡಿಯ ಕಡೆ ತಿರುಗಿ ನಿಂತುಬಿಟ್ಟ.

ಮಾರನೆಯ ಬೆಳಿಗ್ಗೆ ಕತ್ತರಿಸುವ ಮೇಜಿನ ಮೇಲೆ ಟೀವಿ ಬಂತು. ಅಕ್ಕಪಕ್ಕದ ಅಂಗಡಿಯವರು, ಗಿರಾಕಿಗಳು, ಎಲ್ಲ ಸೇರಿ ಹತ್ತಿಪ್ಪತ್ತು ಜನ ಒತ್ತಿಕೊಂಡು ಕೂತೆವು. ತಂಡ ಮೈದಾನಕ್ಕಿಳಿಯಿತು. ವಿಕೆಟ್ಟಿನ ಹಿಂದೆ ನಿಂತವನು ಅಣ್ಣನಲ್ಲ. ಮೊದಲು ಬ್ಯಾಟ್ ಮಾಡಲು ಬರುವ ಆಟಗಾರನೊಬ್ಬ ತನ್ನದಲ್ಲದ ಗ್ಲೌಸು ತೊಟ್ಟು ಪರದಾಡುತ್ತಿದ್ದ. ಎರಡು ಓವರು ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ವೀಕ್ಷಕ ವಿವರಣೆಯವರು ಹೇಳಿದರು: ಬೆಳಗಿನ ಫೀಲ್ಡಿಂಗ್ ಅಭ್ಯಾಸದಲ್ಲಿ ವೇಗದ ಬೌಲರನೊಬ್ಬ ಎಸೆದ ಚೆಂಡು ಅಣ್ಣನ ಉಂಗುರ ಬೆರಳಿಗೆ ಬಡಿದಿದೆ, ಅದನ್ನು ಯಾರೂ ಗಮನಿಸಿರಲಿಲ್ಲ, ಟಾಸಿಗೆ ಹತ್ತು ನಿಮಿಷವಿರುವಾಗ ಅವನೇ ನಾಯಕನ ಬಳಿ ಹೋಗಿ ತನ್ನ ಕೈಲಾಗದು ಎಂದಿದ್ದಾನೆ. ತಂಡಕ್ಕಾಗಿ ತನ್ನ ಕನಸನ್ನೇ ಬಿಟ್ಟುಕೊಟ್ಟ ಪ್ರಾಮಾಣಿಕ ಎಂದು ಹೊಗಳಿದರು.

ಜನ ಒಬ್ಬೊಬ್ಬರಾಗಿ ಸದ್ದಿಲ್ಲದೆ ಮೆಟ್ಟಿಲಿಳಿದರು. ಅಪ್ಪ ಟೀವಿ ಆರಿಸಿ ಮೇಜಿನ ಮೇಲೆ ಬಟ್ಟೆ ಹರವಿದ. ಅವತ್ತು ಅವನು ಕತ್ತರಿಸಿದ ಪ್ಯಾಂಟಿನ ಒಂದು ಕಾಲು ಎರಡು ಅಂಗುಲ ಗಿಡ್ಡವಾಯಿತು. ನಲವತ್ತು ವರ್ಷದ ಕಸುಬಿನಲ್ಲಿ ಅದೇ ಮೊದಲು.

ಬೆರಳು ಎರಡು ಕಡೆ ಮುರಿದಿತ್ತು. ಕೂಡಿಕೊಂಡಾಗ ಸೊಟ್ಟಗೆ ಕೂಡಿತು. ಅಷ್ಟರಲ್ಲಿ ಹತ್ತೊಂಬತ್ತು ವರ್ಷದ ಹೊಸ ಕೀಪರ್ ಬಂದಾಗಿತ್ತು. ಅವನನ್ನು ಬೈಯೋಣವೆಂದರೆ ಆಟದಲ್ಲಿ ಒಂದು ಕುಂದೂ ಇರಲಿಲ್ಲ. ಅಣ್ಣ ಇನ್ನೂ ಮೂರು ವರ್ಷ ಊರಿನ ತಂಡಕ್ಕೆ ಆಡಿ ನಿಲ್ಲಿಸಿದ. ಆಟದಿಂದ ಸಿಕ್ಕಿದ್ದ ಅಂಚೆ ಕಚೇರಿಯ ಕೆಲಸವೊಂದು ಉಳಿಯಿತು. ಪಾರ್ಸೆಲ್ ವಿಭಾಗದಲ್ಲಿ ಪೊಟ್ಟಣ ತೂಗುವುದು, ಮುದ್ರೆ ಒತ್ತುವುದು.

ಅಪ್ಪ ಮಾತ್ರ ಚೇತರಿಸಿಕೊಂಡ. ಅಣ್ಣನ ಪ್ರಾಮಾಣಿಕತೆಯ ಬಗ್ಗೆ ಬಂದ ಪತ್ರಿಕೆಯ ಬರಹಕ್ಕೆ ಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದ. ಅಳತೆಗೆ ನಿಂತವರೆಲ್ಲ ಅದನ್ನು ಓದಲೇಬೇಕಿತ್ತು. ಅಂದಿನಿಂದ ಅಣ್ಣ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ; ಕೆಳಗೆ ನಿಂತು ಕೂಗುತ್ತಿದ್ದ. ಹೊಗಳಿಕೆಗೆ ನಾಚಿಕೊಳ್ಳುತ್ತಾನೆ ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಆ ಚೆಂಡು ಎಸೆದ ಬೌಲರ್ ಅಣ್ಣನ ಗೆಳೆಯನೇ. ಎತ್ತರದ ಆಳು, ತಂಡದಲ್ಲಿ ಎಲ್ಲರ ಬಾಯಲ್ಲೂ ಏಣಿ. ದೇಶಕ್ಕೆ ಐದೇ ಪಂದ್ಯ ಆಡಿದ, ಆಮೇಲೆ ಅವನನ್ನೂ ಕೈಬಿಟ್ಟರು. ವರ್ಷಕ್ಕೊಮ್ಮೆ, ಸರಿಯಾಗಿ ಅದೇ ದಿನ, ಫೋನ್ ಮಾಡಿ ಕ್ಷಮೆ ಕೇಳುತ್ತಿದ್ದ. ಆಗಿದ್ದು ಆಯಿತು ಬಿಡು ಎಂದು ಅಣ್ಣ ಬೇಗ ಮಾತು ಮುಗಿಸುತ್ತಿದ್ದ.

ಬೆರಳು ಮುರಿದು ಹನ್ನೊಂದು ವರ್ಷವಾದ ಮೇಲೆ ಅಪ್ಪ ತೀರಿಕೊಂಡ. ತಿಂಗಳ ಮೇಲೆ ನಾನೂ ಅಣ್ಣನೂ ಅಂಗಡಿ ಖಾಲಿ ಮಾಡುತ್ತಿದ್ದಾಗ ಏಣಿ ಮಾತಾಡಿಸಿಕೊಂಡು ಹೋಗಲು ಬಂದ. ಗಿಡ್ಡ ಸ್ಟೂಲಿನ ಮೇಲೆ ಮೊಣಕಾಲು ಗಲ್ಲಕ್ಕೆ ತಗಲುವಂತೆ ಕೂತು ಗೋಡೆಯ ಮೇಲಿನ ಬರಹವನ್ನು ಓದಿದ. ಓದಿ ಕಣ್ಣೊರೆಸಿಕೊಂಡ.

"ನಾನೊಬ್ಬ ನೆಟ್ಟಗೆ ಎಸೆದಿದ್ರೆ ನಿಮ್ಮಪ್ಪ ನಿನ್ನ ಆಟ ನೋಡ್ಕೊಂಡು ಹೋಗ್ತಿದ್ರು ಕಣೋ."

ಅಣ್ಣ ಯಂತ್ರದ ತಿರುಪು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. ತಲೆ ಎತ್ತದೆಯೇ ಹೇಳತೊಡಗಿದ. ಹಿಂದಿನ ರಾತ್ರಿ ಅವನಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಬೆಳಿಗ್ಗೆ ಅಭ್ಯಾಸದಲ್ಲಿ ಮಕ್ಕಳೂ ಹಿಡಿಯುವಂಥ ಮೂರು ಚೆಂಡು ಕೈತಪ್ಪಿದ್ದವು. ಆರು ವರ್ಷ ಹೊರಗೆ ಕೂತು ನೋಡಿದವನಿಗೆ ಒಳಗೆ ಹೋಗುವುದೆಂದರೆ ಜೀವ ಬಾಯಿಗೆ ಬಂದಿತ್ತು. ಏಣಿಯ ಚೆಂಡು ಬಡಿದಾಗ ನೋವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಿನ ನೋವಿನಲ್ಲಿ, ಅಂಗೈ ಸೀಳಿಕೊಂಡು, ಎರಡು ದಿನ ಕೀಪಿಂಗ್ ಮಾಡಿದ್ದುಂಟು. ಬೆರಳು ಊದುವುದನ್ನು ನೋಡುತ್ತ ಎದೆಯ ಮೇಲಿನ ಭಾರ ಇಳಿದಂತಾಯಿತು. ನೆಟ್ಟಗೆ ನಾಯಕನ ಹತ್ತಿರ ನಡೆದ.

ನನಗೆ ತಡೆಯಲಾಗಲಿಲ್ಲ. "ಮುರಿದಿದ್ದು ಸುಳ್ಳಾ ಅಣ್ಣ? ಎಕ್ಸ್‌ರೇ ನಾನೇ ನೋಡಿದೀನಿ."

"ಮುರಿದಿದೆ ಅಂತ ಗೊತ್ತಾಗಿದ್ದು ಸಾಯಂಕಾಲ. ಕ್ಯಾಪ್ಟನ್‌ಗೆ ಹೇಳಿದ್ದು ಬೆಳಿಗ್ಗೆ. ಬೆಳಿಗ್ಗೆ ನನಗೆ ಬೇಕಾಗಿದ್ದು ಒಂದು ನೆಪ, ಅಷ್ಟೇ."

ಕೆಳಗೆ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಆಮೇಲೆ ಏಣಿ ತನ್ನ ಕಥೆ ಹೇಳಿದ. ಆ ದಿನದ ನಂತರ ಕೀಪರ್ ಕಡೆಗೆ ಜೋರಾಗಿ ಎಸೆಯಲು ಅವನ ಕೈ ಬರುತ್ತಲೇ ಇರಲಿಲ್ಲವಂತೆ. ತೋಳು ಅರ್ಧದಲ್ಲೇ ಸೋತುಬಿಡುತ್ತಿತ್ತಂತೆ. ಐದನೆಯ ಪಂದ್ಯದ ಕೊನೆಯ ಚೆಂಡಿಗೆ ಎದುರಾಳಿಗಳು ಎರಡನೆಯ ರನ್ನಿಗೆ ಓಡುತ್ತಿದ್ದಾಗ ಚೆಂಡು ಅವನ ಕೈಯಲ್ಲಿತ್ತು. ಮೆಲ್ಲಗೆ ಎಸೆದ. ರನ್ ಪೂರೈಸಿತು, ಪಂದ್ಯ ಹೋಯಿತು. ಫೀಲ್ಡಿಂಗಿನಲ್ಲಿ ದಮ್ಮಿಲ್ಲ ಎಂದು ಮನೆಗೆ ಕಳಿಸಿದರು.

"ಹನ್ನೊಂದು ಸಲ ಫೋನ್ ಮಾಡಿದೀನಿ. ಒಂದೇ ಒಂದು ಸಲ ಹೇಳಿದ್ರೆ ಸಾಕಿತ್ತಲ್ಲೋ."

"ನಿನಗೆ ಹೇಳಿದ್ರೆ ಹೇಗಾದ್ರೂ ಅಪ್ಪನ ಕಿವಿಗೆ ಬೀಳ್ತಿತ್ತು."

ಏಣಿ ಎದ್ದು ನಿಂತಾಗ ಹೊಡೆದೇ ಬಿಡುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಅಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತೇನೋ. ಅವನು ಬಗ್ಗಿ ಯಂತ್ರದ ಒಂದು ತುದಿ ಹಿಡಿದು, ಆ ಕಡೆ ಹಿಡಿ ಎಂದು ಸನ್ನೆ ಮಾಡಿದ. ಇಬ್ಬರೂ ಒಂದೊಂದೇ ಮೆಟ್ಟಿಲು ನಿಂತು ನಿಂತು ಅದನ್ನು ಇಳಿಸಿ ಕೆಳಗಿದ್ದ ತಳ್ಳುಗಾಡಿಗೆ ಏರಿಸಿದರು. ಏಣಿ ಕೈ ಝಾಡಿಸಿಕೊಂಡು ನನ್ನ ಕಡೆ ನೋಡಿದ.

"ಬರ್ತೀನಮ್ಮ, ತಾಯಿನ ಚೆನ್ನಾಗಿ ನೋಡ್ಕೊಳ್ಳಿ."

ಅಣ್ಣನಿಗೆ ಏನೂ ಹೇಳಲಿಲ್ಲ. ತಿರುಗಿಯೂ ನೋಡದೆ ನಿಲ್ದಾಣದ ಕಡೆ ಹೊರಟುಹೋದ.

ಅವನ ತಲೆ ಜನರ ನಡುವೆ ಮರೆಯಾಗುವವರೆಗೂ ಅಣ್ಣ ನೋಡುತ್ತ ನಿಂತಿದ್ದ. ಎರಡು ಗಂಟೆಗೆ ಅವನ ಪಾಳಿ ಶುರುವಾಗುತ್ತಿತ್ತು. ನಲ್ಲಿಯಲ್ಲಿ ಕೈ ತೊಳೆದುಕೊಂಡು ಅವನೂ ಹೋದ. ಇನ್ನೊಂದು ಯಂತ್ರವನ್ನು ಮಾರನೆಯ ದಿನ ನಾನೂ ನನ್ನ ಗಂಡನೂ ಇಳಿಸಿದೆವು.