ಎಂಜಿನ್ನಿನ ಮುಖ

ಕಬ್ಬಿನ ಗಾಣಕ್ಕೆಂದು ತರಿಸಿದ ಡೀಸೆಲ್ ಎಂಜಿನ್ನನ್ನು ಘಟಪ್ರಭಾ ಸ್ಟೇಶನ್ನಿನಲ್ಲಿ ಬಂಡಿಗೆ ಏರಿಸುವಾಗ ಆಬಾಸಾಹೇಬರು ಹಟ ಹಿಡಿದಿದ್ದರು. ಮನೆಗೆ ಹೊಸದಾಗಿ ಬರುವುದು ಮುಖ ಮುಂದಾಗಿಯೇ ಬರಬೇಕು. ದೊಡ್ಡ ಗಾಲಿ, ಗಿಯರ್ ಪೆಟ್ಟಿಗೆ ಇದ್ದ ಕಡೆಯೇ ಅದರ ಮುಖವೆಂದು ಅವರು ಕುಂಕುಮ ಹಚ್ಚಿದರು. ಭಾರವೆಲ್ಲ ಇದ್ದದ್ದೂ ಆ ಕಡೆಗೇ.

ದಾರಿಯಲ್ಲಿ ದಡ್ಡಿ ಊರಿನ ಇಳಿಜಾರು ಬಂದಾಗ ಬಂಡಿಯವ ದುರ್ಗಪ್ಪ ಎತ್ತುಗಳನ್ನು ನಿಲ್ಲಿಸಿದ. ನೊಗದ ಕೆಳಗೆ ಎರಡರ ಹೆಗಲೂ ಬಾತಿದ್ದವು. ಇಳಿಜಾರಿನಲ್ಲಿ ಭಾರ ಇನ್ನಷ್ಟು ಮುಂದಕ್ಕೆ ಬೀಳುತ್ತದೆ. ಒಂದು ಎತ್ತು ಮುಗ್ಗರಿಸಿದರೂ ಎಂಜಿನ್ನು ಅವುಗಳ ಮೇಲೆಯೇ ಉರುಳುತ್ತದೆ.

"ತಿರುವಿ ಇಡೂಣ್ರಿ ಸಾವಕಾರ್ರ," ಎಂದ ದುರ್ಗಪ್ಪ.

"ಲಕ್ಷ್ಮಿ ಬೆನ್ನ ತೋರಿಸಿ ಊರಾಗ ಬರ್ತಾಳೇನೋ?"

"ಹಂಗಾದ್ರ ಎತ್ತ ಬಿಚ್ಚತೇನಿ. ನೀವ ಹೆಗಲ ಕೊಡ್ರಿ."

ಜೊತೆಗಿದ್ದ ಸಾವಕಾರರ ಅಣ್ಣನ ಮಗ ನೇಮಿನಾಥ ನಕ್ಕ. ಆಬಾಸಾಹೇಬರು ನಗಲಿಲ್ಲ. ದುರ್ಗಪ್ಪ ನೊಗದ ಕೆಳಗೆ ಊರುಗೋಲು ಕೊಟ್ಟು ಎತ್ತು ಬಿಚ್ಚಿದ ಕೂಡಲೇ ಅವರು ಕೋಟು ಕಳಚಿ, ನೊಗಕ್ಕೆ ಹೆಗಲು ಕೊಟ್ಟು ಎತ್ತಲು ನೋಡಿದರು. ಅಲುಗಲಿಲ್ಲ.

"ನೇಮಿ, ನೀನೂ ಬಾ."

ಇಬ್ಬರೂ ಎತ್ತಿದರು. ಆಗಲೂ ಅಲುಗಲಿಲ್ಲ. ಆಬಾಸಾಹೇಬರು ಹೆಗಲು ತಿಕ್ಕಿಕೊಳ್ಳುತ್ತ ಎತ್ತುಗಳ ಕಡೆ ನೋಡಿದರು.

"ಕಾಕಾ, ಸಾಕ್ರಿ," ಎಂದ ನೇಮಿನಾಥ.

"ತಿರುವ್ರೋ," ಎಂದರು ಅವರು.

ಹೊಲದಲ್ಲಿದ್ದವರನ್ನು ಕೂಗಿ ಕರೆದು, ಹಾರೆಗಳಿಂದ ಮೀಟಿ ಎಂಜಿನ್ನನ್ನು ತಿರುಗಿಸಿ ಹಗ್ಗ ಬಿಗಿದರು. ಭಾರ ನೊಗದಿಂದ ಸರಿದು ಗಾಲಿಗಳ ಅಚ್ಚಿನ ಮೇಲೆ ಕೂತಿತು. ದುರ್ಗಪ್ಪ ಸಲೀಸಾಗಿ ನೊಗ ಎತ್ತಿ ಎತ್ತು ಹೂಡಿದ.

"ಇನ್ನ ಬಂಡಿ ಏರ್ರಿ ಸಾವಕಾರ್ರ."

"ಬ್ಯಾಡೋ, ನಡೀತೇನಿ," ಎಂದು ಆಬಾಸಾಹೇಬರು ಇಳಿಜಾರಿನುದ್ದಕ್ಕೂ ಎತ್ತುಗಳ ಪಕ್ಕದಲ್ಲೇ ನಡೆದರು.