ಚೀಟಿ ಮಗುಚಿಡುವ ಡಾಕ್ಟರು

ಡಾಕ್ಟರ್ ಪಂಕಜಾ ಅವರು ಸರ್ಜನ್ನರ ಚೀಟಿಯನ್ನು ಮೊದಲು ಓದುತ್ತಿರಲಿಲ್ಲ. ಅದನ್ನು ಮಗುಚಿ, ಮೇಲೆ ತಮ್ಮ ಸ್ಟೀಲಿನ ಊಟದ ಡಬ್ಬಿಯನ್ನು ಹೇರಿ, ಆಮೇಲೆಯೇ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಸರಿಸುತ್ತಿದ್ದರು. ಅನ್ಯರ ಊಹೆಯನ್ನು ಓದಿದ ಕಣ್ಣು ಆ ಊಹೆಯನ್ನೇ ಕಾಣುತ್ತದೆ ಎಂಬುದು ಅವರ ಅಚಲ ಸಿದ್ಧಾಂತ.

ವಿಜಯವಾಡದ ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ, ಟೈರಿನಂಗಡಿಯ ಮಹಡಿ ಮೇಲೆ ಅವರ ಲ್ಯಾಬು. ಬಳ್ಳಾರಿ ಕಡೆಯ ಹೆಣ್ಣುಮಗಳು. ಇಪ್ಪತ್ತೈದು ವರ್ಷದ ತೆಲುಗು ಸಂಸಾರದಿಂದಾಗಿ ಕನ್ನಡದ ಬಾಲಕ್ಕೊಂದು ತೆಲುಗು ಮರ್ಯಾದೆಯ 'ಅಂಡಿ' ಅಂಟಿಕೊಂಡಿತ್ತು. ಬಿಳಿ ಕೋಟಿನ ಬಲತೋಳಿನ ಅಂಚು ಬಣ್ಣದ ನೀರು ಕುಡಿದು ಕುಡಿದು ನೇರಳೆಗಟ್ಟಿತ್ತು. ದಿನವಿಡೀ ಬಗ್ಗಿ ನೋಡಿದ ಬೆನ್ನು ನಡೆಯುವಾಗಲೂ ನೆಟ್ಟಗಾಗದೆ, ನೆಲದಲ್ಲಿ ಬಿದ್ದ ಸೂಜಿ ಹುಡುಕುವವರ ಹಾಗೆ ಹೆಜ್ಜೆಯಿಡುತ್ತಿದ್ದರು.

೨೦೧೫ರಲ್ಲಿ ನಾನು ಅವರ ಮೆಟ್ಟಿಲು ಹತ್ತಿದ್ದು ಜಗಳಕ್ಕೆ. ಅದೇ ಊರಿನ ಪಟಮಟದಲ್ಲಿ ಸಂಸಾರ ಮಾಡಿಕೊಂಡಿದ್ದ ನನ್ನ ತಂಗಿ ರೇಣುಕಾಳ ಎದೆಯಲ್ಲಿ ಗಂಟು ಕಂಡಿತ್ತು. ಶುಕ್ರವಾರ ಮೊಲೆಯನ್ನೇ ತೆಗೆದುಹಾಕುವುದೆಂದು ನಿಶ್ಚಯವಾಗಿತ್ತು. ಸೂಜಿಯಲ್ಲಿ ತೆಗೆದ ಚೂರು ಪಂಕಜಾ ಅವರ ಬಳಿ ಹೋಗಿ, ಮಂಗಳವಾರವಾದರೂ ವರದಿ ಬಂದಿರಲಿಲ್ಲ. ಮೂವತ್ತು ವರ್ಷ ವಿಶಾಖಪಟ್ಟಣದಲ್ಲಿ ಗುತ್ತಿಗೆ ಕೂಲಿಗಳ ಪರವಾಗಿ ಕಾರ್ಖಾನೆ ಗೇಟುಗಳ ಮುಂದೆ ಕೂಗಿದ ಗಂಟಲು ನನ್ನದು. ಅದೇ ಗಂಟಲಲ್ಲಿ ಕೇಳಿದೆ, ಸಹಿ ಯಾಕೆ ಹಾಕಿಲ್ಲ ಎಂದು.

"ಕೂತ್ಕೊಳ್ರಂಡಿ," ಎಂದರು. "ಗಂಟು ಎದೆಯಾಗ ಸಿಕ್ಕೈತಿ. ಎದೆಯಾಗ ಹುಟ್ಟಿದ್ದಲ್ಲ ಅಂತ ನನ್ನ ಅನುಮಾನ."

ಆ ಚೂರಿನಲ್ಲಿ ಮರಳಿನ ಕಾಳಿನಂಥ ಸುಣ್ಣದ ಉಂಡೆಗಳಿದ್ದವಂತೆ. ಅಂಡಾಶಯದ ಕೆಲವು ಗಡ್ಡೆಗಳಲ್ಲಿ ಅವು ಸಿಗುವುದುಂಟು; ಅಪರೂಪಕ್ಕೆ ಅಲ್ಲಿನ ಕ್ಯಾನ್ಸರ್ ಎದೆಗೆ ಬಂದು ಕೂರುವುದೂ ಉಂಟು.

"ಹಿಂದ ಹೊಟ್ಟಿ ಆಪರೇಷನ್ ಏನಾರ ಆಗಿತ್ತಾ?"

"ಏನೂ ಇಲ್ಲ," ಎಂದೆ.

"ನಿಮ್ಮ ಹೊಟ್ಟಿ ವಿಚಾರ ಕೇಳ್ಲಿಲ್ಲ ಅಣ್ಣಗಾರು. ಆಕಿನ್ನ ಕರ್ಕೊಂಡು ಬರ್ರಿ."

ಸಂಜೆ ರೇಣುಕಾ ಬಂದು ಸೆರಗು ಹೊದ್ದು ಕೂತಳು. ಎಂಟು ವರ್ಷದ ಕೆಳಗೆ ವಿಶಾಖಪಟ್ಟಣದಲ್ಲಿ ಅಂಡಾಶಯದ ಗಡ್ಡೆ ತೆಗೆದಿದ್ದರು, ಪೂರ್ತಿ ಕ್ಯಾನ್ಸರ್ ಅಲ್ಲ ಅಂದಿದ್ದರು, ಎಂದಳು.

"ಸರ್ಜನ್ ಮುಂದ ಯಾಕ ಹೇಳ್ಲಿಲ್ಲಮ್ಮಾ?"

"ಅವರು ಕೇಳಿದ್ರು ಮೇಡಂ. ಅಣ್ಣ ಉತ್ತರ ಕೊಟ್ಟ."

ಸಾವಿರ ಜನರ ಬಾಯಿ ನಾನೇ ಎಂದು ಮೆರೆದವನ ಚಾಳಿ. ಆ ಆಪರೇಷನ್ ನನಗೆ ಗೊತ್ತಿರಲಿಲ್ಲವೆಂದಲ್ಲ. ಹೆಂಗಸರ ತಾಪತ್ರಯವೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನೂರು ಎದೆಗಂಟಿನಲ್ಲಿ ಒಂದೋ ಎರಡೋ ಹೊರಗಿನದಿದ್ದೀತು, ತಡ ಯಾಕೆ, ಎಂದು ಸರ್ಜನ್ನರು ಫೋನಿನಲ್ಲಿ ರೇಗಿದರು. "ಆ ಒಂದು ನನ್ನ ಮೇಜಿನ ಮ್ಯಾಲೇ ಇರಬಹುದಲ್ಲಂಡಿ," ಎಂದು ಪಂಕಜಾ ಫೋನಿಟ್ಟರು. ಹಳೆಯ ಗಡ್ಡೆಯ ಚೂರನ್ನು ಆಸ್ಪತ್ರೆಗಳು ಮೇಣದಲ್ಲಿ ಹುದುಗಿಸಿ ವರ್ಷಗಟ್ಟಲೆ ಇಟ್ಟಿರುತ್ತವೆ. ಅದನ್ನು ತನ್ನಿ ಎಂದು ನನ್ನನ್ನು ರೈಲು ಹತ್ತಿಸಿದರು. ಧರಣಿ ಕೂರುವ ವಿದ್ಯೆ ವಿಶಾಖಪಟ್ಟಣದ ಆ ಆಸ್ಪತ್ರೆಯ ದಾಖಲೆ ಕೋಣೆಯ ಬಾಗಿಲಲ್ಲಿ ಉಪಯೋಗಕ್ಕೆ ಬಂತು. ಹೆಬ್ಬೆರಳಿನುಗುರಿನಷ್ಟು ಮೇಣ; ಅಂಗಿಯ ಜೇಬಿನಲ್ಲಿಟ್ಟುಕೊಂಡು ಗುರುವಾರ ಬೆಳಿಗ್ಗೆ ಮರಳಿದೆ.

ಎರಡನ್ನೂ ತೆಳ್ಳಗೆ ಕೊಯ್ದು, ಎದೆಯ ಕಣಗಳಿಗೆ ಹತ್ತದೆ ಅಂಡಾಶಯದ ಕಣಗಳಿಗೆ ಹತ್ತುವ ಬಣ್ಣ ಹಾಕಿ, ಪಕ್ಕಪಕ್ಕ ಇಟ್ಟು ನೋಡಿದರು. ಎರಡಕ್ಕೂ ಬಣ್ಣ ಹತ್ತಿತ್ತು, ಎರಡರಲ್ಲೂ ಮರಳು. ಸಂಜೆ ಸಹಿ ಬಿತ್ತು. ಊಟದ ಡಬ್ಬಿ ಮಾತ್ರ ತೆರೆದಿರಲಿಲ್ಲ.

"ಹಂಗಾದ್ರ ನಾಳೆ ಕೊಯ್ಯಂಗಿಲ್ಲಾ?" ರೇಣುಕಾ ಕೇಳಿದಳು.

"ಕೊಯ್ದ್ರ ನಿಮಗೇನೂ ಸಿಗಂಗಿಲ್ಲಮ್ಮಾ. ಬೇರು ಹೊಟ್ಟಿಯಾಗೈತಿ. ಪೂರ್ತಿ ವಾಸಿ ಆಗೂದಲ್ಲ. ಸರಿಯಾದ ಔಷಧ ತಗೊಂಡ್ರ ದಿನ ಸಿಗ್ತಾವ."

ದಿನ ಸಿಕ್ಕವು, ಮೂರು ವರ್ಷಕ್ಕೂ ಮಿಕ್ಕಿ. ೨೦೧೯ರಲ್ಲಿ ತಂಗಿ ತೀರಿಕೊಂಡ ಸುದ್ದಿ ಹೇಳಲು ಹೋದಾಗ ಪಂಕಜಾ ಅವರಿಗೆ ಹೆಸರು ನೆನಪಾಗಲಿಲ್ಲ. "ಮರಳಿನ ಕೇಸಾ?" ಎಂದರು; ಕನ್ನಡಕ ತೆಗೆದು ನೇರಳೆ ತೋಳಿನಲ್ಲಿ ಒರೆಸಿಕೊಂಡರು; ಮತ್ತೊಬ್ಬರ ಚೀಟಿಯನ್ನು ಮಗುಚಿಟ್ಟರು.

ಮೆರವಣಿಗೆಯ ಮುಂದೆ ಬಾವುಟ ಹಿಡಿದವರನ್ನು ನಾನು ಬಹಳ ಕಂಡಿದ್ದೇನೆ, ನಾನೂ ಹಿಡಿದಿದ್ದೇನೆ. ಖಾತ್ರಿಯಾಗದ ಕಾಗದಕ್ಕೆ ಸಹಿ ಹಾಕದೆ ಬಗ್ಗಿ ಕೂತಿರುವ ಈ ಜಾತಿಯವರು ಊರಿಗೊಬ್ಬರೋ ಇಬ್ಬರೋ. ಅವರು ನಮ್ಮಿಂದ ಕೇಳುವುದು ಎರಡು ದಿನದ ಸಮಯ, ಆ ಎರಡು ದಿನ ನಮ್ಮಂಥವರ ಬಾಯಿಗೆ ಬೀಗ.